‘ಯಾಕೆ?’ ಎಂದು ಕೇಳಿದೊಡನೆ ಇಂಗ್ಲಿಷ್ ತರಗತಿ ಸುಮ್ಮನಾಗುವುದೇಕೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಶಿಕ್ಷಕಿ. ಒಂಬತ್ತನೆಯ ತರಗತಿಯಲ್ಲಿ 46 ಮಕ್ಕಳಿದ್ದಾರೆ. ಎಲ್ಲರೂ ಕನ್ನಡ ಮಾಧ್ಯಮದವರು. ಪಾಠದ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿ ಚೆನ್ನಾಗಿಯೇ ಒಪ್ಪಿಸುತ್ತಾರೆ. ಆದರೆ ‘ಈ ಪಾತ್ರ ಮಾಡಿದ್ದು ಸರಿಯೇ? ನಿನ್ನ ಅಭಿಪ್ರಾಯವೇನು? ಯಾಕೆ?’ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಇಡೀ ತರಗತಿ ತಲೆ ತಗ್ಗಿಸುತ್ತದೆ. ತರಬೇತಿಗೆ ಹೋದಾಗಲೆಲ್ಲ ವಿಮರ್ಶಾತ್ಮಕ ಚಿಂತನೆ ಬೆಳೆಸಿ ಎನ್ನುತ್ತಾರೆ. ಮೊದಲು ಇಂಗ್ಲಿಷ್ ಬರಲಿ, ಚಿಂತನೆ ಆಮೇಲೆ ಎಂದು ಬಿಡಲೇ? ನಡುವೆ ಕನ್ನಡ ಬಳಸಿದರೆ ತಪ್ಪೇ? ಪಾಠ ಮುಗಿಸುವುದಕ್ಕೇ ಹೊತ್ತು ಸಾಲದಿರುವಾಗ ಇದನ್ನು ಎಲ್ಲಿ ಸೇರಿಸಲಿ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ನನ್ನ ಉತ್ತರ ಒಂದೇ ಮಾತಿನದು: ಬಿಡಬೇಡಿ. ಧಾರವಾಡದಲ್ಲಿದ್ದುಕೊಂಡು ಈ ಭಾಗದ ಇಂಗ್ಲಿಷ್ ಶಿಕ್ಷಕರ ತರಬೇತಿಗಳಲ್ಲಿ ಕೆಲಸ ಮಾಡಿದ ಇಷ್ಟು ವರ್ಷಗಳಲ್ಲಿ ‘ಮೊದಲು ಭಾಷೆ ಬರಲಿ, ವಿಚಾರ ಆಮೇಲೆ ನೋಡೋಣ’ ಎಂಬ ಮಾತನ್ನು ಕೇಳಿದಷ್ಟು ಬೇರೆ ಯಾವ ಮಾತನ್ನೂ ನಾನು ಕೇಳಿಲ್ಲ; ಮೊದಮೊದಲು ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಲೆಕ್ಕ ಹಾಕಿ ನೋಡಿ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವುದು 2007-08ರಿಂದ ನಡೆದುಬಂದಿದೆ. ಅಂದರೆ ನಿಮ್ಮ ಮಕ್ಕಳು ಎಂಟು ವರ್ಷ ಇಂಗ್ಲಿಷ್ ಓದಿಯೇ ನಿಮ್ಮಲ್ಲಿಗೆ ಬಂದಿದ್ದಾರೆ. ಎಂಟು ವರ್ಷದಲ್ಲಿ ಮುಗಿಯದ ಆ ‘ಮೊದಲು’ ಇನ್ನೆರಡು ವರ್ಷದಲ್ಲಿ ಮುಗಿದೀತೆಂಬ ಭರವಸೆ ನನಗಿಲ್ಲ.

ಕೆನಡಾದಲ್ಲಿ ಕೆಲಸ ಮಾಡಿದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಎರಡು ಬಗೆಯ ಭಾಷಾ ಸಾಮರ್ಥ್ಯಗಳನ್ನು ಬೇರ್ಪಡಿಸಿ ತೋರಿಸಿದರು. ಒಂದು, ಎದುರುಬದುರು ನಿಂತು ಆಡುವ ದಿನಬಳಕೆಯ ಮಾತು. ಇನ್ನೊಂದು, ಕಾರಣ ಕೊಡುವ, ಹೋಲಿಸುವ, ವಾದಿಸುವ ಶಾಲೆಯ ಭಾಷೆ. ಹೊರದೇಶಗಳಿಂದ ವಲಸೆ ಬಂದ ಮಕ್ಕಳಿಗೆ ಮೊದಲನೆಯದು ಸುಮಾರು ಎರಡು ವರ್ಷಗಳಲ್ಲಿ ಕೈವಶವಾದರೆ, ಎರಡನೆಯದರಲ್ಲಿ ಓರಗೆಯವರ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕಾಗುತ್ತದೆ ಎಂಬುದು ಅವರ ಅಂದಾಜು. ಆ ಮಕ್ಕಳಿಗೆ ಬೀದಿಯಲ್ಲಿ, ಅಂಗಡಿಯಲ್ಲಿ, ಆಟದ ಬಯಲಿನಲ್ಲಿ ಎಲ್ಲೆಲ್ಲೂ ಇಂಗ್ಲಿಷ್ ಕಿವಿಗೆ ಬೀಳುತ್ತಿತ್ತು. ನಿಮ್ಮ ಮಕ್ಕಳಿಗೆ ದಿನಕ್ಕೆ ಒಂದು ಪೀರಿಯಡ್ ಬಿಟ್ಟರೆ ಇಂಗ್ಲಿಷ್ ಕೇಳುವುದು ಮೊಬೈಲಿನಲ್ಲಿ ಮಾತ್ರ. ಆದುದರಿಂದ ಕಾಯುವುದು ಎಂದರೆ ಇಲ್ಲಿ ಕೈಬಿಡುವುದು ಎಂದೇ ಅರ್ಥ. ಕಮಿನ್ಸ್ ಅವರ ಇನ್ನೊಂದು ಮಾತು ನಮಗೆ ಹೆಚ್ಚು ಉಪಯೋಗದ್ದು: ಒಂದು ಭಾಷೆಯಲ್ಲಿ ಕಲಿತ ವಿಚಾರಶಕ್ತಿ ಎರಡನೆಯ ಭಾಷೆಗೂ ಸಲ್ಲುತ್ತದೆ, ಏಕೆಂದರೆ ಎರಡಕ್ಕೂ ತಳದಲ್ಲಿರುವ ಬಂಡವಾಳ ಒಂದೇ. ನಿಮ್ಮ ಮಕ್ಕಳಿಗೆ ವಿಚಾರ ಮಾಡುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಸಂತೆಯಲ್ಲಿ, ಹೊಲದಲ್ಲಿ, ಗೆಳೆಯರ ಜಗಳದಲ್ಲಿ ಅವರು ಅದನ್ನು ಮಾಡುತ್ತಲೇ ಇದ್ದಾರೆ. ಅದು ಇಂಗ್ಲಿಷಿನ ಬಾಗಿಲಿಗೆ ಬಂದು ಏಕೆ ನಿಂತುಬಿಡುತ್ತದೆ ಎಂಬುದನ್ನಷ್ಟೇ ನಾವು ನೋಡಬೇಕಾಗಿದೆ.

ಅದು ನಿಲ್ಲುವುದನ್ನು ನಾನು ನನ್ನದೇ ತಪ್ಪಿನಿಂದ ಕಂಡುಕೊಂಡೆ. ಬಹಳ ವರ್ಷಗಳ ಹಿಂದೆ ಗದಗ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಮಾದರಿ ಪಾಠ ಮಾಡುತ್ತಿದ್ದೆ. ಸುತ್ತಲಿನ ಶಾಲೆಗಳ ಶಿಕ್ಷಕರು ಹಿಂದಿನ ಬೆಂಚುಗಳಲ್ಲಿ ಕುಳಿತಿದ್ದರು. ತಂದೆಗೆ ಸುಳ್ಳು ಹೇಳಿದ ಹುಡುಗನೊಬ್ಬನ ಕಥೆ. ಅವನು ಸುಳ್ಳು ಹೇಳಿದ್ದು ಯಾಕೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಏಟು ಬೀಳುತ್ತದೆಂಬ ಹೆದರಿಕೆಯಿಂದ ಎಂಬುದು ಗೈಡಿನ ಉತ್ತರ. ನಾಲ್ಕೈದು ಮಕ್ಕಳು ಅದನ್ನೇ ಹೇಳಿದರು. ಆಗ ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಎದ್ದು, ‘ಹಿ ನಾಟ್ ಫಿಯರ್ ಸರ್, ಹಿ ಶೇಮ್...’ ಎಂದಳು. ನಾನು ಕೂಡಲೇ ‘ಹಿ ಈಸ್ ನಾಟ್ ಅಫ್ರೇಡ್’ ಎಂದು ತಿದ್ದಿ, ಎಲ್ಲರೂ ಹೇಳಿ ಎಂದೆ. ಇಡೀ ತರಗತಿ ಒಕ್ಕೊರಲಿನಿಂದ ಹೇಳಿತು. ಅಷ್ಟು ಹೊತ್ತಿಗೆ ಅವಳು ಕುಳಿತಾಗಿತ್ತು, ಮತ್ತೆ ಏಳಲಿಲ್ಲ. ಚಹಾದ ಹೊತ್ತಿನಲ್ಲಿ ಹಿಂದಿನ ಬೆಂಚಿನ ಹಿರಿಯ ಶಿಕ್ಷಕರೊಬ್ಬರು, ‘ಸರ, ಆ ಹುಡುಗಿ ಏನೋ ಹೇಳಾಕ ಹೊಂಟಿತ್ತಲ್ರಿ’ ಎಂದರು. ಅಂಜಿಕೆಯಲ್ಲ, ನಾಚಿಕೆ ಎಂದು ಆ ಮಗು ಹೇಳಹೊರಟಿತ್ತು. ಗೈಡಿಗೆ ಹೊಳೆಯದ ವ್ಯತ್ಯಾಸ ಅದು. ಅದಕ್ಕೆ ಕಾರಣವನ್ನೂ ಕೊಡುತ್ತಿತ್ತೇನೋ, ನಾನು ನಡುವೆ ಕ್ರಿಯಾಪದ ತಂದು ಹಾಕಿದೆ.

ಒಂದೇ ಕ್ಷಣದಲ್ಲಿ ಎರಡು ಹೊರೆ ಹೊರಿಸಿದರೆ ಮಗು ಎರಡನ್ನೂ ಕೆಳಗಿಡುತ್ತದೆ. ವಿಚಾರ ಮಾಡುವುದು ಒಂದು ಹೊರೆ, ಅದಕ್ಕೆ ಇಂಗ್ಲಿಷ್ ವಾಕ್ಯ ಕಟ್ಟುವುದು ಇನ್ನೊಂದು. ನಿಮ್ಮ ‘ಯಾಕೆ?’ಗೆ ಉತ್ತರವಾಗಿ ಬರುವ ಮೌನದಲ್ಲಿ ಎಷ್ಟು ಪಾಲು ವಿಚಾರದ ಕೊರತೆ, ಎಷ್ಟು ಪಾಲು ವಾಕ್ಯದ ಕೊರತೆ ಎಂದು ತಿಳಿಯುವುದು ಸುಲಭ: ಅದೇ ಪ್ರಶ್ನೆಯನ್ನು ಒಮ್ಮೆ ಕನ್ನಡದಲ್ಲಿ ಕೇಳಿ ನೋಡಿ. ಕನ್ನಡದಲ್ಲಿ ಹತ್ತು ಕೈ ಮೇಲೆದ್ದರೆ ಕೊರತೆ ವಾಕ್ಯದ್ದು. ಕನ್ನಡದಲ್ಲೂ ಯಾರೂ ಮಾತಾಡದಿದ್ದರೆ ಪ್ರಶ್ನೆಯಲ್ಲೇ ಏನೋ ಐಬಿದೆ ಎಂದು ತಿಳಿಯಿರಿ.

ಪ್ರಶ್ನೆಯ ಐಬಿನ ವಿಷಯಕ್ಕೆ ಸ್ವಲ್ಪ ನಿಧಾನವಾಗಿ ಬರುತ್ತೇನೆ, ಏಕೆಂದರೆ ನೀವು ಆರಂಭಿಸಿದ್ದೇ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯಿಂದ ಎಂದು ನನಗೆ ತೋರುತ್ತದೆ. ಇಂಗ್ಲಿಷ್ ಬೋಧನೆಯ ವಿದ್ವಾಂಸ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಚೆನ್ನೈ ಮೊದಲಾದ ಕಡೆಯ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾದ ಈ ಪ್ರಯೋಗವನ್ನು ಜಗತ್ತಿನ ಭಾಷಾಬೋಧನೆಯ ಎಷ್ಟೋ ಪುಸ್ತಕಗಳು ಉಲ್ಲೇಖಿಸುತ್ತವೆ. ನಮ್ಮ ತರಬೇತಿಗಳಲ್ಲಿ ಅದರ ಸುದ್ದಿ ಅಷ್ಟಾಗಿ ಬಾರದಿರುವುದು ನಮ್ಮ ಹಣೆಬರಹ. ವ್ಯಾಕರಣವನ್ನು ಪಾಠವಾಗಿ ಕಲಿಸದೆ, ಮಕ್ಕಳ ಮುಂದೆ ಬಿಡಿಸಬೇಕಾದ ಕೆಲಸಗಳನ್ನಿಟ್ಟು, ಆ ಕೆಲಸದಲ್ಲಿ ಮನಸ್ಸು ತೊಡಗಿದಾಗ ಭಾಷೆ ತಾನಾಗಿ ಮೈಗೂಡುತ್ತದೆಯೇ ಎಂದು ಅವರು ನೋಡಿದರು. ಆ ಕೆಲಸಗಳಲ್ಲಿ ಅವರು ಮೂರು ಬಗೆ ಗುರುತಿಸಿದರು. ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದ ಮಾಹಿತಿಯನ್ನು ದಾಟಿಸುವುದು ಒಂದು ಬಗೆ. ಕೊಟ್ಟಿರುವ ಸಂಗತಿಗಳಿಂದ ಕೊಡದಿರುವುದನ್ನು ತರ್ಕಿಸಿ ತೆಗೆಯುವುದು ಎರಡನೆಯದು. ಸ್ವಂತ ಅಭಿಪ್ರಾಯ, ಇಷ್ಟಾನಿಷ್ಟಗಳನ್ನು ಹೇಳುವುದು ಮೂರನೆಯದು. ತರಗತಿಯಲ್ಲಿ ಹೆಚ್ಚು ಫಲ ಕೊಟ್ಟದ್ದು ಎರಡನೆಯದು, ತರ್ಕದ ಕೆಲಸ. ಅಭಿಪ್ರಾಯದ ಪ್ರಶ್ನೆಗಳಲ್ಲಿ ಸರಿ ಉತ್ತರ ಇದೇ ಎಂಬ ಗೊತ್ತುಗುರಿ ಇರುವುದಿಲ್ಲವಾದ್ದರಿಂದ, ಭಾಷೆಯಲ್ಲಿ ಇನ್ನೂ ಕಾಲೂರದ ಮಕ್ಕಳಿಗೆ ಅವು ದಿಕ್ಕು ತೋಚದಂತೆ ಮಾಡುತ್ತವೆ.

ನಿಮ್ಮ ‘ನಿನ್ನ ಅಭಿಪ್ರಾಯವೇನು?’ ಎಂಬುದು ಈ ಮೂರನೆಯ ಬಗೆಯದು. ಟೀಚರಿಗೆ ಯಾವ ಉತ್ತರ ಬೇಕಾಗಿದೆಯೋ ಮಗುವಿಗೆ ತಿಳಿಯದು, ಗೈಡಿನಲ್ಲಿ ಅದಕ್ಕೆ ಉತ್ತರವಿಲ್ಲ, ಮೇಲಾಗಿ ಇಂಗ್ಲಿಷ್ ಬೇರೆ. ತರ್ಕದ ಕೆಲಸದಲ್ಲಿ ಹಾಗಲ್ಲ. ಉತ್ತರ ಸರಿಯೋ ತಪ್ಪೋ ಎಂದು ಮಗುವೇ ತಾಳೆ ನೋಡಬಹುದು. ಬೋರ್ಡಿನ ಮೇಲೆ ಒಂದು ಕಲ್ಪಿತ ವೇಳಾಪಟ್ಟಿ ಬರೆಯಿರಿ: ಗದಗದಿಂದ ಹುಬ್ಬಳ್ಳಿಗೆ ಮೂರು ರೈಲು, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು ಎಷ್ಟೆಷ್ಟು ಹೊತ್ತಿಗೆ, ಟಿಕೆಟಿಗೆ ಎಷ್ಟು. ಗದಗದ ಹುಡುಗಿಯೊಬ್ಬಳು ಹತ್ತೂವರೆಗೆ ಧಾರವಾಡದಲ್ಲಿ ಸಂದರ್ಶನಕ್ಕೆ ಹಾಜರಿರಬೇಕು, ಕೈಯಲ್ಲಿರುವುದು ನೂರು ರೂಪಾಯಿ, ಸ್ಟೇಷನ್ನಿನಿಂದ ಬಸ್ ನಿಲ್ದಾಣಕ್ಕೆ ನಡೆಯಲು ಹದಿನೈದು ನಿಮಿಷ. ಯಾವ ರೈಲು ಹಿಡಿಯಬೇಕು, ಉಳಿದೆರಡು ಯಾಕೆ ಆಗದು? ಪ್ರಭು ಅವರ ಕ್ರಮದಂತೆ, ಇಂಥದೇ ಒಂದು ಕೆಲಸವನ್ನು ಮೊದಲು ನೀವು ಇಡೀ ತರಗತಿಯೊಡನೆ ಬಾಯಿಮಾತಿನಲ್ಲಿ ಬಿಡಿಸಿ ತೋರಿಸಬೇಕು. ಆಮೇಲೆ ಅಂಕಿಸಂಖ್ಯೆ ಬದಲಿಸಿ ಅವರಿಗೇ ಬಿಡಬೇಕು. ‘ಶಿ ಕೆನಾಟ್ ಟೇಕ್ ದಿ ಸೆಕೆಂಡ್ ಟ್ರೇನ್ ಬಿಕಾಸ್...’ ಎಂಬ ಒಂದು ವಾಕ್ಯದ ಅಚ್ಚು ಬೋರ್ಡಿನ ಮೇಲಿರಲಿ. ಮಗು ತುಂಬಬೇಕಾದದ್ದು ಕಾರಣವನ್ನಷ್ಟೇ. ಹೀಗೆ ಎರಡು ಮೂರು ತಿಂಗಳು ತರ್ಕದಲ್ಲಿ ಪಳಗಿದ ತರಗತಿಗೆ ಅಭಿಪ್ರಾಯದ ಪ್ರಶ್ನೆ ಹಾಕಿ ನೋಡಿ, ಇಂದಿನ ಮೌನ ಅಂದು ಇರುವುದಿಲ್ಲ.

ಇನ್ನೂ ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ಬ್ಯಾಡಗಿ ಕಡೆಯ ಶಾಲೆಯೊಂದರಲ್ಲಿ ಬೋರ್ಡಿನ ಮೇಲೆ ಒಂದೇ ವಾಕ್ಯ ಬರೆದೆ: ‘ದಿ ರೆಡ್ಡರ್ ದಿ ಚಿಲ್ಲಿ, ದಿ ಹಾಟರ್ ಇಟ್ ಈಸ್’. ಸರಿಯೋ ತಪ್ಪೋ, ಒಂದು ಕಾರಣ ಸಾಕು ಎಂದೆ. ಮೊದಲು ಎದ್ದ ಹುಡುಗ, ‘ಡ್ರೈ ಚಿಲ್ಲಿ ನೋ ಹಾಟ್ ಸರ್, ಕೋಲ್ಡ್’ ಎಂದ. ಎಲ್ಲರೂ ನಕ್ಕರು. ಆದರೆ ಅವನು ಹೇಳಿದ್ದು ತಪ್ಪಲ್ಲ. ‘ಹಾಟ್’ ಎಂದರೆ ಬಿಸಿ ಎಂದು ತಾನೆ ನಾವು ಅವನಿಗೆ ಕಲಿಸಿದ್ದು? ಕನ್ನಡದಲ್ಲಿ ಖಾರ ಬೇರೆ, ಬಿಸಿ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು ಸಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದೆ. ವಾದಕ್ಕಿಳಿಯುವ ಮುನ್ನ ಮಾತಿನ ಅರ್ಥ ಗೊತ್ತುಮಾಡಿಕೊಳ್ಳಬೇಕೆಂಬುದನ್ನು ಉಪನ್ಯಾಸ ಕೊಟ್ಟು ಹೇಳಬೇಕಾಗಿ ಬರಲಿಲ್ಲ, ಆ ಹುಡುಗನೇ ಅದಕ್ಕೆ ದಾರಿ ಮಾಡಿಕೊಟ್ಟ.

ಆಮೇಲೆ ಹುಡುಗಿಯೊಬ್ಬಳು ಎದ್ದು ನಾಲ್ಕು ಪುಟ್ಟ ವಾಕ್ಯ ಹೇಳಿದಳು: ‘ಬ್ಯಾಡಗಿ ಚಿಲ್ಲಿ ವೆರಿ ರೆಡ್. ನಾಟ್ ಹಾಟ್. ಗುಂಟೂರ್ ಚಿಲ್ಲಿ ವೆರಿ ಹಾಟ್. ನಾಟ್ ಸೋ ರೆಡ್.’ ಬ್ಯಾಡಗಿ ಮೆಣಸಿನಕಾಯಿಯ ಕಡ್ಡಿ, ಡಬ್ಬಿ ಎಂಬ ಎರಡು ಬಗೆಗಳನ್ನೂ ಮನೆಯಂಗಳದಲ್ಲಿ ಒಣಹಾಕಿ ಬೆಳೆದ ಮಗು ಅದು. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಬಣ್ಣಕ್ಕೆ, ಖಾರಕ್ಕಲ್ಲ ಎಂಬುದು ಅವಳಿಗೆ ಯಾರೂ ಪಾಠ ಹೇಳದೆ ಗೊತ್ತಿತ್ತು. ಅವಳ ನಾಲ್ಕು ವಾಕ್ಯಗಳಲ್ಲಿ ಸರಿಯಾದ ಕ್ರಿಯಾಪದ ಒಂದೂ ಇರಲಿಲ್ಲ, ಆದರೆ ಒಂದು ಸಾಮಾನ್ಯ ಹೇಳಿಕೆಯನ್ನು ಎರಡು ಕಡೆಯಿಂದಲೂ ಮುರಿಯುವ ಪ್ರತ್ಯುದಾಹರಣೆ ಸಂಪೂರ್ಣವಾಗಿತ್ತು. ಈ ಸಲ ನಾನು ತಿದ್ದಲಿಲ್ಲ. ಅವಳ ಮಾತುಗಳನ್ನು ಅವಳೆದುರಿಗೇ ಬೋರ್ಡಿನ ಮೇಲೆ ಬರೆಯುತ್ತ ‘ಈಸ್’ಗಳನ್ನು ಸದ್ದಿಲ್ಲದೆ ಸೇರಿಸಿ, ನಡುವೆ ‘ಬಟ್’ ಎಂದು ಹಾಕಿ, ಕೊನೆಯಲ್ಲಿ ‘ಸೋ...’ ಎಂದು ಬರೆದು ಸುಣ್ಣದ ಕಡ್ಡಿಯನ್ನು ಅವಳ ಕೈಗೆ ಕೊಟ್ಟೆ. ‘ಸೋ ದಿ ಸೆಂಟೆನ್ಸ್ ಈಸ್ ರಾಂಗ್’ ಎಂದು ಅವಳು ಬರೆದಳು.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಕನ್ನಡದಲ್ಲೇ ಅಡ್ಡ ಹಾಕಿದ: ಗುಂಟೂರಿನ ಕಾಯಿಗೂ ಬಣ್ಣ ಹಚ್ಚಿದರೆ ಕೆಂಪಗೆ ಕಾಣುತ್ತದಲ್ಲ ಎಂದು. ನೀನು ನೋಡಿದ್ದೀಯಾ ಎಂದು ಕೇಳಿದೆ. ‘ಇಲ್ರಿ ಸರ, ಹಂಗ ಮಾಡ್ತಾರಂತ್ರಿ’ ಎಂದ. ಆ ‘ಅಂತ’ವನ್ನು ಹಿಡಿದುಕೊಂಡೇ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ.

ಕನ್ನಡ ಬಳಸಿದರೆ ತಪ್ಪೇ ಎಂದಿರಿ. ಕಂಡದ್ದಕ್ಕೂ ಕೇಳಿದ್ದಕ್ಕೂ ಇರುವ ವ್ಯತ್ಯಾಸ ವಿಮರ್ಶಾತ್ಮಕ ಚಿಂತನೆಯ ಮೊದಲ ಮೆಟ್ಟಿಲು. ನಮ್ಮ ಭಾಷೆ ಅದನ್ನು ಕ್ರಿಯಾಪದದ ಬಾಲಕ್ಕೇ ಕಟ್ಟಿ ಕೊಟ್ಟಿದೆ. ‘ಮಳಿ ಬಂದೈತಿ’ ಎಂದರೆ ನಾನು ಕಂಡಿದ್ದೇನೆ. ‘ಮಳಿ ಬಂದೈತಂತ’ ಎಂದರೆ ಯಾರೋ ಹೇಳಿದ್ದು, ಹೊಣೆ ನನ್ನದಲ್ಲ. ‘ಮಳಿ ಬಂದಿರಬೇಕು’ ಎಂದರೆ ಅಂಗಳ ಹಸಿಯಾಗಿರುವುದನ್ನು ನೋಡಿ ಊಹಿಸಿದ್ದು. ‘ಬಂದಿರಬಹುದು’ ಎಂದರೆ ಊಹೆ ಇನ್ನೂ ಸಡಿಲ. ‘ಸಂಜೀಕ ಬಂದೀತು’ ಎಂಬುದು ಮುಂದಿನ ಸಂಭವ. ಕನ್ನಡ ವ್ಯಾಕರಣದ ಪಾಠದಲ್ಲಿ ಸಂಭಾವನಾರ್ಥಕ ಎಂದು ಮಕ್ಕಳು ಓದುವ ರೂಪವೇ ಇದು. ಶಾಲೆಗೆ ಬರುವ ಮೊದಲೇ ಮಗು ಇವನ್ನೆಲ್ಲ ತಪ್ಪಿಲ್ಲದೆ ಬಳಸುತ್ತದೆ. ಇಂಗ್ಲಿಷಿನಲ್ಲಿ ಅದೇ ಮಗುವಿಗೆ ನಾವು ಕೊಟ್ಟಿರುವುದು ‘ಇಟ್ ರೇನ್ಡ್’ ಒಂದನ್ನೇ. ಐದು ಬಗೆಯ ಖಚಿತತೆಯನ್ನು ಒಂದೇ ವಾಕ್ಯದಲ್ಲಿ ಹೇಳು ಎಂದರೆ ಯಾರಾದರೂ ಸುಮ್ಮನಾಗುತ್ತಾರೆ. ಆ ‘ಇಟ್ ರೇನ್ಡ್’ ಜೊತೆಗೆ ‘ಪೀಪಲ್ ಸೇ ಇಟ್ ರೇನ್ಡ್’, ‘ಇಟ್ ಮಸ್ಟ್ ಹ್ಯಾವ್ ರೇನ್ಡ್’, ‘ಇಟ್ ಮೇ ಹ್ಯಾವ್ ರೇನ್ಡ್’, ‘ಇಟ್ ಮೇ ರೇನ್ ಇನ್ ದಿ ಈವ್ನಿಂಗ್’ ಎಂಬುವನ್ನು ಆ ಐದು ಕನ್ನಡ ರೂಪಗಳ ಎದುರಿಗೆ ಬರೆದು ಗೋಡೆಗೆ ಹಚ್ಚಿಬಿಡಿ. ನಂತರ ಒಂದು ಬೆಳಗಿನ ಅಂಗಳವನ್ನು ಮುಂದಿಡಿ: ನೆಲ ಒದ್ದೆಯಾಗಿದೆ. ಮಳೆ ಬಂದಿರಬೇಕೋ, ಅವ್ವ ಥಳಿ ಹೊಡೆದು ಅಂಗಳಕ್ಕೆ ನೀರು ಚಿಮುಕಿಸಿರಬೇಕೋ? ಬೀದಿಯೂ ಒದ್ದೆಯಾಗಿದ್ದರೆ? ಮಾಳಿಗೆಯ ಮೇಲೆ ಒಣಗಿದ್ದರೆ? ‘ಮಸ್ಟ್’ ಎಲ್ಲಿ ‘ಮೇ’ ಆಗುತ್ತದೆ ಎಂದು ಮಕ್ಕಳು ತಾವೇ ಜಗಳಾಡಿ ತೀರ್ಮಾನಿಸುತ್ತಾರೆ. ವಾಟ್ಸಾಪಿನಲ್ಲಿ ಬರುವ ಸುದ್ದಿಗಳಿಗೆ ಇದೇ ಗೋಡೆಪಟ್ಟಿ ಸಾಕು. ಆ ಸುದ್ದಿಯ ಯಾವ ವಾಕ್ಯ ‘ಅಂತ’ದ್ದು, ಯಾವುದು ಕಂಡದ್ದು ಎಂದು ವಿಂಗಡಿಸಲು ಹೇಳಿ.

ಹೀಗಿರುವುದರಿಂದ ಕನ್ನಡಕ್ಕೆ ತರಗತಿಯಲ್ಲಿ ಜಾಗ ಇದೆ, ಇರಲೇಬೇಕು. ವೇಲ್ಸ್ ದೇಶದ ಶಿಕ್ಷಣತಜ್ಞ ಕೆನ್ ವಿಲಿಯಮ್ಸ್ 1994ರಲ್ಲಿ ಅಲ್ಲಿನ ದ್ವಿಭಾಷಾ ಶಾಲೆಗಳ ಒಂದು ಪದ್ಧತಿಯನ್ನು ವಿವರಿಸಿದರು: ಒಂದು ಭಾಷೆಯಲ್ಲಿ ಓದಿದ್ದನ್ನು ಇನ್ನೊಂದರಲ್ಲಿ ಚರ್ಚಿಸಿ ಬರೆಯುವುದು. ಈಗ ಟ್ರಾನ್ಸ್‌ಲ್ಯಾಂಗ್ವೇಜಿಂಗ್ ಎಂದು ಎಲ್ಲೆಡೆ ಓಡಾಡುವ ಮಾತಿನ ಮೂಲ ಅದು. ನೀವು ಮಾಡಬೇಕಾದದ್ದೂ ಇಷ್ಟೇ: ಪಾಠವನ್ನು ಇಂಗ್ಲಿಷಿನಲ್ಲಿ ಓದಲಿ, ಪಕ್ಕದವರೊಡನೆ ಕನ್ನಡದಲ್ಲಿ ವಾದಿಸಲಿ, ತೀರ್ಮಾನವನ್ನು ಇಂಗ್ಲಿಷಿನಲ್ಲಿ ಒಪ್ಪಿಸಲಿ. ಆದರೆ ಇದನ್ನೂ, ನಮ್ಮಲ್ಲಿ ರೂಢಿಯಾಗಿರುವ ಇನ್ನೊಂದು ಕನ್ನಡವನ್ನೂ ಒಂದೇ ಎಂದು ತಿಳಿಯಬೇಡಿ. ಇಂಗ್ಲಿಷಿನ ಒಂದು ಸಾಲು ಓದಿ, ಕನ್ನಡದಲ್ಲಿ ಅದರ ಅರ್ಥ ಹೇಳಿ, ಮುಂದಿನ ಸಾಲಿಗೆ ಹೋಗುವ ಪಾಠದಲ್ಲಿ ವಿಚಾರ ಮಾಡುವವರು ಶಿಕ್ಷಕರು ಮಾತ್ರ; ಮಕ್ಕಳು ಕೇಳಿಸಿಕೊಳ್ಳುತ್ತಾರೆ, ಕೆಲವೊಮ್ಮೆ ಅದೂ ಇಲ್ಲ. ಮಕ್ಕಳ ಕನ್ನಡ ಹೆಚ್ಚಬೇಕು, ನಿಮ್ಮ ಕನ್ನಡ ಕಡಿಮೆಯಾಗಬೇಕು.

ಇಲ್ಲೊಂದು ಮಾತು. ಕನ್ನಡ ಮಾಧ್ಯಮ ಎಂದಮಾತ್ರಕ್ಕೆ ಮನೆಮಾತು ಕನ್ನಡ ಎಂದಾಗದು. ನಿಮ್ಮ 46 ಮಕ್ಕಳಲ್ಲಿ ಮನೆಯಲ್ಲಿ ಉರ್ದು, ಲಂಬಾಣಿ ಆಡುವವರು ಇದ್ದೇ ಇರುತ್ತಾರೆ. ಅವರಿಗೆ ಇಂಗ್ಲಿಷ್ ಎರಡನೆಯದಲ್ಲ, ಮೂರನೆಯ ಭಾಷೆ. ಜೋಡಿ ಮಾಡುವಾಗ ಇದನ್ನು ಗಮನದಲ್ಲಿಡಿ.

ಮೌನಕ್ಕೆ ಇನ್ನೊಂದು ಕಾರಣವಿದೆ. ತರಬೇತಿಯ ಪುಸ್ತಕಗಳಲ್ಲಿ ಅದು ಸಿಗುವುದಿಲ್ಲ. ನಮ್ಮ ಭಾಗದಲ್ಲಿ ಹಿರಿಯರ ಮಾತನ್ನು ಒಪ್ಪದಿರುವುದಕ್ಕೆ ಒಂದು ಸಭ್ಯ ದಾರಿಯಿದೆ, ಅದು ‘ರೀ’. ‘ಹಂಗಲ್ರಿ ಸರ’ ಎಂದರೆ ಒಪ್ಪುವುದಿಲ್ಲ ಎಂದೂ ಆಯಿತು, ಗೌರವಕ್ಕೂ ಕುಂದು ಬರಲಿಲ್ಲ. ಇಂಗ್ಲಿಷಿನಲ್ಲಿ ಮಗುವಿನ ಬಳಿ ಇರುವುದು ‘ನೋ’ ಒಂದೇ. ‘ನೋ ಸರ್’ ಎಂದು ಖಡಾಖಂಡಿತವಾಗಿ ಹೇಳುವುದು ಮನೆಯಲ್ಲಿ ‘ಎದುರು ಮಾತಾಡಬ್ಯಾಡ’ ಎಂದು ಕೇಳಿ ಬೆಳೆದ ಮಗುವಿಗೆ ಉದ್ಧಟತನವಾಗಿ ಕಾಣುತ್ತದೆ. ಅದಕ್ಕಿಂತ ಸುಮ್ಮನಿರುವುದು ಲೇಸು ಎಂದುಕೊಳ್ಳುತ್ತದೆ. ಆದಕಾರಣ ಇಂಗ್ಲಿಷಿನಲ್ಲಿ ‘ರೀ’ಯ ಕೆಲಸ ಮಾಡುವ ಮಾತುಗಳನ್ನು ಬೇರೆಯಾಗಿ ಕಲಿಸಬೇಕು: ‘ಐ ಆಮ್ ನಾಟ್ ಶೂರ್, ಮೇಡಂ’, ‘ಬಟ್ ವಾಟ್ ಅಬೌಟ್...’, ‘ಮೇ ಐ ಸೇ ಸಂಥಿಂಗ್ ಡಿಫರೆಂಟ್?’. ಇವನ್ನು ಅಭ್ಯಾಸ ಮಾಡಿಸಲು ನೀವೇ ವಾರಕ್ಕೊಮ್ಮೆ ಬೇಕೆಂದೇ ಒಂದು ತಪ್ಪು ಹೇಳಿ. ನಾನು ಒಮ್ಮೆ ಗಂಭೀರವಾಗಿ ‘ಹುಬ್ಳಿ ಈಸ್ ಇನ್ ಹಾವೇರಿ ಡಿಸ್ಟ್ರಿಕ್ಟ್’ ಎಂದೆ. ಎರಡು ನಿಮಿಷ ಯಾರೂ ಉಸಿರೆತ್ತಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮುಂದಿನ ಸಾಲಿನ ಚಿಕ್ಕ ಹುಡುಗ ‘ಐ ಆಮ್ ನಾಟ್ ಶೂರ್ ಸರ್... ಧಾರವಾಡ್ರಿ’ ಎಂದ. ಇಂಗ್ಲಿಷ್ ವಾಕ್ಯದ ಕೊನೆಗೂ ‘ರೀ’ ಬಂದೇ ಬಿಟ್ಟಿತು.

ಕಾಯುವುದರ ಬಗ್ಗೆ ಒಂದೆರಡು ಮಾತು ಸಾಕು. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋವ್ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಮಾಡಿ ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುತ್ತಿದ್ದುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡಿದರು. ಅದು ಸ್ವಂತ ಭಾಷೆಯಲ್ಲಿ ಓದುವ ಮಕ್ಕಳ ಮಾತು. ನಿಮ್ಮ ಮಕ್ಕಳು ಪ್ರಶ್ನೆಯನ್ನು ಕನ್ನಡಕ್ಕೆ ತಂದು, ವಿಚಾರ ಮಾಡಿ, ಮತ್ತೆ ಇಂಗ್ಲಿಷಿಗೆ ಒಯ್ಯಬೇಕು. ಹತ್ತು ಸೆಕೆಂಡಾದರೂ ಕೊಡಿ. ನಿಮಗೆ ಆ ಹತ್ತು ಸೆಕೆಂಡು ಒಂದು ಗಳಿಗೆಯಷ್ಟು ದೀರ್ಘವಾಗಿ ತೋರುತ್ತದೆ, ಕೈಗಡಿಯಾರ ನೋಡುತ್ತ ನಿಲ್ಲಿ. ಇನ್ನು 46 ಮಕ್ಕಳಿಗೆ 40 ನಿಮಿಷವನ್ನು ಹಂಚಿದರೆ ಒಬ್ಬರಿಗೆ ಒಂದು ನಿಮಿಷವೂ ಬರುವುದಿಲ್ಲವಾದ್ದರಿಂದ ಜೋಡಿಮಾತಿಗೆ ಬೇರೆ ದಾರಿಯಿಲ್ಲ. ಮೂರು ನಿಮಿಷ ಇಪ್ಪತ್ಮೂರು ಜೋಡಿಗಳು ಒಟ್ಟಿಗೆ ಮಾತಾಡಿದರೆ ಎಲ್ಲರ ಬಾಯಿಯೂ ತೆರೆಯುತ್ತದೆ.

ಮೂರನೆಯ ಪ್ರಶ್ನೆ, ಹೊತ್ತಿನದು. ಇದಕ್ಕಾಗಿ ಬೇರೆ ಪೀರಿಯಡ್ ಬೇಡ, ಪಾಠದ ಕೊನೆಯ ಪ್ರಶ್ನೆಗಳನ್ನೇ ಸ್ವಲ್ಪ ತಿರುಗಿಸಿದರೆ ಆಯಿತು. ಕಲಿಕೆಯನ್ನು ನೆನಪಿನಿಂದ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವ ಬ್ಲೂಮ್ ಅವರ ವರ್ಗೀಕರಣದ ಪಟ್ಟಿ ನಿಮ್ಮ ಶಾಲೆಯ ಗೋಡೆಯ ಮೇಲೂ ಇರಬಹುದು. 1956ರದು, 2001ರಲ್ಲಿ ಪರಿಷ್ಕೃತವಾದದ್ದು. ಅದನ್ನು ನೋಡಿ ‘ವಾಟ್’ ಎಂದರೆ ಕೆಳಗಿನ ಮೆಟ್ಟಿಲು, ‘ವೈ’ ಎಂದರೆ ಮೇಲಿನದು ಎಂದು ಎಷ್ಟೋ ಶಿಕ್ಷಕರು ತಿಳಿದಿದ್ದಾರೆ. ಹಾಗಿಲ್ಲ. ಪಾಠದಲ್ಲೇ ‘ಬಿಕಾಸ್’ ಎಂದು ಅಡಿಗೆರೆ ಎಳೆದಿಟ್ಟ ಸಾಲು ಇದ್ದರೆ, ‘ವೈ’ ಎಂಬುದು ನೆನಪಿನ ಪ್ರಶ್ನೆಯೇ. ಅದರ ಬದಲು, ‘ಪಾಠ ಈ ಕಾರಣ ಕೊಟ್ಟಿದೆ, ಬೇರೆ ಯಾವ ಕಾರಣ ಇದ್ದಿರಬಹುದು? ಯಾವ ಸಾಲು ನೋಡಿ ಹಾಗೆ ಹೇಳುತ್ತೀ?’ ಎಂದು ಕೇಳಿ. ಒಂದು ಪಾಠಕ್ಕೆ ಇಂಥ ಒಂದು ಪ್ರಶ್ನೆ ಸಾಕು. ಎಲ್ಲ ಪ್ರಶ್ನೆಗಳನ್ನೂ ಹೀಗೆ ತಿರುಗಿಸಹೊರಟರೆ ನೀವೂ ದಣಿಯುತ್ತೀರಿ, ಮಕ್ಕಳೂ ದಣಿಯುತ್ತಾರೆ.

ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆಯ 100 ಅಂಕಗಳಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಬಾಯಿಪಾಠ ಮಾಡಿಯೇ 80ರಲ್ಲಿ ಒಂದಷ್ಟು ಗಳಿಸಬಹುದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಹಿಂದುಳಿದ ಮಗುವಿಗೆ ಪಾಸಾಗುವ ದಾರಿ ಅದೇ ಆಗಿದ್ದರೆ ಅದನ್ನು ಮುಚ್ಚಬಾರದು ಕೂಡ. ಆದರೆ ಕಾಣದ ಗದ್ಯಭಾಗ ಬಂದಾಗ, ಪತ್ರ ಬರೆಯಬೇಕಾದಾಗ ಬಾಯಿಪಾಠ ಕೈಕೊಡುತ್ತದೆ. ಆ 20 ಅಂಕಗಳ ಚಟುವಟಿಕೆಗಳು ಹೇಗೂ ನಿಮ್ಮ ಕೈಯಲ್ಲಿವೆ. ಅವುಗಳಲ್ಲಿ ಒಂದನ್ನಾದರೂ ವೇಳಾಪಟ್ಟಿಯಂಥ, ಮೆಣಸಿನಕಾಯಿಯಂಥ ಕೆಲಸವನ್ನಾಗಿ ಮಾಡಿ, ಉತ್ತರದ ಪಕ್ಕದಲ್ಲಿ ಎರಡು ಗುರುತು ಹಾಕುವ ರೂಢಿ ಇಟ್ಟುಕೊಳ್ಳಿ: ಕಾರಣ ಸರಿಯಿದ್ದರೆ ಒಂದು, ಭಾಷೆ ಸರಿಯಿದ್ದರೆ ಇನ್ನೊಂದು. ಎರಡನ್ನೂ ಒಂದೇ ಅಂಕದಲ್ಲಿ ಬೆರೆಸಿದರೆ, ‘ಹಿ ಶೇಮ್’ ಎಂದ ಆ ಹುಡುಗಿಗೆ ತನ್ನ ಕಾರಣ ತಪ್ಪೋ ಕ್ರಿಯಾಪದ ತಪ್ಪೋ ಎಂಬುದೇ ತಿಳಿಯುವುದಿಲ್ಲ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಚಹಾದ ಹೊತ್ತಿನಲ್ಲಿ ಶಿಕ್ಷಕರು ದನಿ ತಗ್ಗಿಸಿ ನನ್ನನ್ನು ಕೇಳುವುದು ಇದನ್ನೇ. ಗೈಡಿನ ಪ್ರಶ್ನೋತ್ತರ ಬಿಟ್ಟು ಮಕ್ಕಳನ್ನು ಬಯಲಿಗೆ ಬಿಟ್ಟರೆ, ಅವರು ಎತ್ತುವ ಮಾತಿಗೆ ನನ್ನ ಇಂಗ್ಲಿಷೇ ಸಾಲದೆ ಹೋದರೆ? ಸಾಲದೆ ಹೋಗುತ್ತದೆ. ನನಗೂ ಎಷ್ಟೋ ಸಲ ಹೋಗಿದೆ. ‘ಥಳಿ ಹೊಡೆಯುವುದ’ಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಒಮ್ಮೆ ನಾನೂ ಬೋರ್ಡಿನ ಮುಂದೆ ತಡವರಿಸಿದ್ದೆ. ಮಕ್ಕಳೆದುರಿಗೇ ನಿಘಂಟು ತೆಗೆಯಿರಿ, ಸಿಗದಿದ್ದರೆ ‘ನಾಳೆ ನೋಡಿ ಹೇಳುತ್ತೇನೆ’ ಎನ್ನಿ, ಮತ್ತು ಮರುದಿನ ನೆನಪಿಟ್ಟು ಹೇಳಿ. ಜೋಡಿಮಾತಿನ ಗದ್ದಲಕ್ಕೆ ಪಕ್ಕದ ತರಗತಿಯವರು ಆಕ್ಷೇಪಿಸಿದರೆ, ವಾರದಲ್ಲಿ ಒಂದು ದಿನ ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳನ್ನು ಹೊರಗೆ ಮರದ ಕೆಳಗೆ ಕೂರಿಸಿಕೊಂಡು ಆರಂಭಿಸಿ. ಮುಖ್ಯೋಪಾಧ್ಯಾಯರಿಗೆ ಮುಂಚೆಯೇ ಒಂದು ಮಾತು ಹೇಳಿಟ್ಟಿರಿ.